ಮಾರಾಟವಾಗುವ ಮಾಹಿತಿ ಪುಸ್ತಕ: ವಿಷಯ ಆರಿಸುವುದರಿಂದ ಅಚ್ಚಿಗೆ ಹೋಗುವವರೆಗೆ

"ನನಗೊಂದು ಪುಸ್ತಕ ಬರೆಯಬೇಕು ಅಂತಿದೆ. ಕಥೆ, ಕವಿತೆ ಅಲ್ಲ. ಯಾವ ವಿಷಯ ತೆಗೆದುಕೊಂಡರೆ ಓಡುತ್ತೆ?" ಈ ಪ್ರಶ್ನೆ ಕೇಳುವವರು ಹೆಚ್ಚುತ್ತಲೇ ಇದ್ದಾರೆ. ನಿವೃತ್ತ ಮೇಷ್ಟ್ರು ಕೇಳುತ್ತಾರೆ, ಕೃಷಿಕರು ಕೇಳುತ್ತಾರೆ, ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು ಕೇಳುತ್ತಾರೆ. ಎಲ್ಲರ ಬಳಿಯೂ ಹೇಳುವ ಸರಕಿದೆ. ಆದರೆ ಅದು ಪುಸ್ತಕವಾದ ಮೇಲೆ ಪ್ರತಿಗಳು ಮನೆಯ ಅಟ್ಟ ಸೇರಬಾರದು, ಅಲ್ವಾ?

ಇಲ್ಲಿ ಹೇಳುವುದು ನಾನ್‌ಫಿಕ್ಷನ್ ಬಗ್ಗೆ. ಅದರಲ್ಲೂ ಓದುಗರಿಗೆ ಒಂದು ಕೆಲಸ ಮಾಡಲು ನೆರವಾಗುವ ಮಾಹಿತಿ ಪುಸ್ತಕಗಳ ಬಗ್ಗೆ. ಆತ್ಮಕಥೆ, ಪ್ರವಾಸಕಥನ, ವಿಮರ್ಶೆಯ ಲೆಕ್ಕಾಚಾರ ಬೇರೆ. ಅವನ್ನು ಇಲ್ಲಿ ಬಿಟ್ಟಿದ್ದೇನೆ.

ನನ್ನ ಸಲಹೆ ಇಷ್ಟೇ. ವಿಷಯ ಆರಿಸುವ ಮೊದಲು ಓದುಗರನ್ನು ಆರಿಸಿ. ದುಡ್ಡು ಕೊಟ್ಟು ಕೊಳ್ಳುವವರು ಯಾರು, ಅವರು ಎಲ್ಲಿ ಸಿಗುತ್ತಾರೆ, ವರ್ಷದ ಯಾವ ತಿಂಗಳಲ್ಲಿ ಅವರಿಗೆ ಈ ಪುಸ್ತಕ ಬೇಕಾಗುತ್ತದೆ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬರೆಯಲು ಕೂರಿ. ಅರ್ಥವಾಗಲಿ ಅಂತ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ: ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರೊಬ್ಬರು ಬರೆಯಬಹುದಾದ ಕೃಷಿ ಪುಸ್ತಕ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಫೋನ್, ಪುಸ್ತಕದಂಗಡಿಗೆ ಹೋಗಿಬರಲು ಒಂದೆರಡು ದಿನ. ಮತ್ತೆ, ಬರೆಯುವ ಆತುರವನ್ನು ಕೆಲವು ವಾರ ತಡೆದುಕೊಳ್ಳುವ ತಾಳ್ಮೆ.

ಹಂತ 1: ಜನ ನಿಮ್ಮನ್ನು ಏನು ಕೇಳುತ್ತಾರೆ, ಬರೆದಿಡಿ

ನಿಮಗೆ ಏನೇನು ಗೊತ್ತು ಅಂತ ಪಟ್ಟಿ ಮಾಡಲು ಹೋಗಬೇಡಿ. ಆ ಪಟ್ಟಿ ಮುಗಿಯುವುದೂ ಇಲ್ಲ, ಉಪಯೋಗಕ್ಕೆ ಬರುವುದೂ ಇಲ್ಲ. ಅದರ ಬದಲು ನೆಂಟರು, ಅಕ್ಕಪಕ್ಕದವರು, ಸಹೋದ್ಯೋಗಿಗಳು ಫೋನ್ ಮಾಡಿ ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನು ಬರೆದಿಡಿ. ಅವರು ಕೇಳಿದ ಮಾತಿನಲ್ಲೇ ಬರೆಯಿರಿ, ನಿಮ್ಮ ಭಾಷೆಗೆ ತಿದ್ದಬೇಡಿ. "ಮೆಣಸಿನ ಬಳ್ಳಿ ಹಳದಿ ಆಗಿ ಒಂದೇ ವಾರಕ್ಕೆ ಒಣಗಿಹೋಯ್ತು, ಪಕ್ಕದ ಮರಕ್ಕೆ ಮತ್ತೆ ನೆಡಬಹುದಾ?" ಅಂತ ಒಬ್ಬರು ಕೇಳಿದರೆ ಅದನ್ನು ಹಾಗೇ ಬರೆಯಿರಿ. "ಕಾಳುಮೆಣಸಿನ ರೋಗ ನಿರ್ವಹಣೆ" ಅಂತ ಬರೆದರೆ ಕೇಳಿದವರ ಆತಂಕ ಮಾಯವಾಗುತ್ತದೆ.

ಒಂದು ತಿಂಗಳು ಹೀಗೆ ಬರೆದಿಟ್ಟರೆ ಒಂದು ವಿಷಯದ ಸುತ್ತ ಪ್ರಶ್ನೆಗಳು ಗುಂಪುಗೂಡುವುದು ಕಾಣುತ್ತದೆ. ಯಾರೂ ಏನೂ ಕೇಳುತ್ತಿಲ್ಲ ಅಂದರೆ ಆ ವಿಷಯದಲ್ಲಿ ಜನ ನಿಮ್ಮನ್ನು ಇನ್ನೂ ಗುರುತಿಸಿಲ್ಲ ಅಂತ ಅರ್ಥ. ಅಂಥ ವಿಷಯದಲ್ಲೂ ಬರೆಯಬಹುದು. ಆದರೆ ಮೊದಲು ಪತ್ರಿಕೆಗೆ ನಾಲ್ಕು ಲೇಖನ ಬರೆದು ಹೆಸರು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಹಂತ 2: ಓದುಗರನ್ನು ಒಂದು ವಾಕ್ಯದಲ್ಲಿ ಹಿಡಿಯಿರಿ

"ಎಲ್ಲ ಕನ್ನಡಿಗರೂ ಓದಬೇಕಾದ ಪುಸ್ತಕ" ಅಂತ ಹೊರಟರೆ ಯಾವ ಅಂಗಡಿಯಲ್ಲಿಡಬೇಕು ಅನ್ನುವುದೇ ತಿಳಿಯುವುದಿಲ್ಲ. ವಾಕ್ಯ ಹೀಗಿರಲಿ: "ಎರಡರಿಂದ ಐದು ಎಕರೆ ಅಡಿಕೆ ತೋಟ ಇರುವವರು. ಅಡಿಕೆ ಒಂದನ್ನೇ ನಂಬಲು ಹೆದರಿ, ಅದೇ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಲು ನೋಡುತ್ತಿದ್ದಾರೆ."

ಈಗ ಈ ಓದುಗರ ಬಗ್ಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಇವರಿಗೆ ಈ ತೊಂದರೆ ದುಡ್ಡಿನ ಲೆಕ್ಕದಲ್ಲಿ ದೊಡ್ಡದಾ? ಹೌದು. ಸೊರಗು ರೋಗ ಬಂದರೆ ಒಂದೇ ಮಳೆಗಾಲದಲ್ಲಿ ಬಳ್ಳಿಗಳು ಹೋಗುತ್ತವೆ. ಅದನ್ನು ತಪ್ಪಿಸುವ ಮಾಹಿತಿಗೆ ಇನ್ನೂರು ರೂಪಾಯಿ ಕೊಡಲು ಅವರು ಹಿಂದೆಮುಂದೆ ನೋಡುವುದಿಲ್ಲ.

ಇವರು ಎಲ್ಲಿ ಸೇರುತ್ತಾರೆ? ಸಹಕಾರ ಸಂಘದ ಅಡಿಕೆ ವ್ಯಾಪಾರದ ಅಂಗಳದಲ್ಲಿ, ಗೊಬ್ಬರದ ಅಂಗಡಿಯಲ್ಲಿ, ನರ್ಸರಿಯಲ್ಲಿ, ಕೃಷಿ ಮೇಳದಲ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮೇಳ ನವೆಂಬರಿನಲ್ಲಿ ನಡೆಯುತ್ತದೆ. ಪುಸ್ತಕದಂಗಡಿಗೆ ಕಾಲಿಡದವರೂ ಇಲ್ಲಿಗೆಲ್ಲ ಬರುತ್ತಾರೆ.

ಇವರು ಕನ್ನಡದಲ್ಲೇ ಓದುತ್ತಾರಾ? ಈ ಪ್ರಶ್ನೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಷೇರು ಪೇಟೆ, ಸಾಫ್ಟ್‌ವೇರ್‌ನಂಥ ವಿಷಯದಲ್ಲಿ ಆಸಕ್ತಿ ಇರುವ ಕನ್ನಡಿಗರಲ್ಲಿ ಹಲವರು ಇಂಗ್ಲಿಷಿನಲ್ಲೇ ಓದಿಕೊಳ್ಳುತ್ತಾರೆ. ಅಲ್ಲಿ ಕನ್ನಡ ಪುಸ್ತಕಕ್ಕೆ ಜಾಗ ಇದೆ, ಆದರೆ ಅದು ಈಗಷ್ಟೇ ಕಲಿಯಲು ಶುರು ಮಾಡಿದವರಿಗೆ ಮಾತ್ರ. ಕೃಷಿ, ಪಶುಪಾಲನೆ, ಜಮೀನಿನ ದಾಖಲೆ, ಮನೆಮದ್ದು, ಅಡುಗೆ, ಸ್ಥಳೀಯ ಇತಿಹಾಸ, ಮಕ್ಕಳ ಪಾಲನೆ ಇಂಥವುಗಳಲ್ಲಿ ಓದುಗರಿಗೆ ಕನ್ನಡವೇ ಬೇಕು.

ಕೊನೆಯದು, ಇದೇ ಮಾಹಿತಿ ಇವರಿಗೆ ಪುಕ್ಕಟೆ ಸಿಗುತ್ತಾ? ಸಿಗುತ್ತದೆ. ಯೂಟ್ಯೂಬ್ ತುಂಬ ಮೆಣಸಿನ ವಿಡಿಯೊಗಳಿವೆ. ಹಾಗಾದರೆ ಪುಸ್ತಕ ಯಾಕೆ? ಒಬ್ಬರು ಸುಣ್ಣ ಹಾಕಿ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ, ಮೂರನೆಯವರು ತಮ್ಮ ನರ್ಸರಿ ಗಿಡ ಕೊಳ್ಳಿ ಅಂತಾರೆ. ಎಲ್ಲವನ್ನೂ ತೂಗಿ, ತಿಂಗಳವಾರು ಜೋಡಿಸಿ, ತೋಟದ ಮನೆಯ ಕಿಟಕಿಯಲ್ಲಿ ಇಟ್ಟುಕೊಂಡು ಬೇಕಾದಾಗ ತೆರೆದು ನೋಡುವ ಹಾಗೆ ಕೊಡುವುದು ಪುಸ್ತಕದ ಕೆಲಸ. ನಿಮ್ಮ ವಿಷಯದಲ್ಲಿ ಹೀಗೆ ಜೋಡಿಸಿ ಕೊಡುವಂಥದ್ದು ಏನೂ ಇಲ್ಲ ಅನ್ನಿಸಿದರೆ ಅದನ್ನು ಲೇಖನವಾಗಿ ಬರೆದು ಮುಗಿಸಿ. ಪುಸ್ತಕ ಬೇಡ.

ಹಂತ 3: ವಿಷಯವನ್ನು ಕಿರಿದು ಮಾಡಿ, ಆದರೆ ಉಸಿರು ಕಟ್ಟಿಸಬೇಡಿ

"ಕೃಷಿ" ಅಂದರೆ ಅದು ಪುಸ್ತಕದ ವಿಷಯವೇ ಅಲ್ಲ. "ಅಡಿಕೆ ಕೃಷಿ" ಅಂದರೆ ಈಗಾಗಲೇ ಹಲವು ಪುಸ್ತಕಗಳಿವೆ, ವಿಶ್ವವಿದ್ಯಾಲಯಗಳ ಕೈಪಿಡಿಗಳೂ ಇವೆ. "ಅಡಿಕೆ ತೋಟದಲ್ಲಿ ಕಾಳುಮೆಣಸು" ಅಂದಾಗ ಓದುಗರ ಮುಖ ಕಾಣುತ್ತದೆ. ಇನ್ನೂ ಇಳಿದು "ಹಿಪ್ಪಲಿ ಗಿಡಕ್ಕೆ ಮೆಣಸಿನ ಕಸಿ" ಅಂದರೆ ಅದು ಒಂದು ಅಧ್ಯಾಯದ ಸರಕು, ಪುಸ್ತಕಕ್ಕೆ ಸಾಲದು. (ಸೊರಗು ರೋಗ ತಡೆಯುವ ಬ್ರೆಜಿಲಿಯನ್ ಹಿಪ್ಪಲಿಯ ಬುಡಕ್ಕೆ ಮೆಣಸಿನ ಕುಡಿ ಕಸಿ ಕಟ್ಟುವ ವಿಧಾನ ಇದು. ಆ ಹಿಪ್ಪಲಿಗೆ ತೇವ ಬೇಕು, ಬೇಸಿಗೆಯಲ್ಲಿ ನೀರಿಲ್ಲದ ತೋಟಕ್ಕೆ ಹೊಂದುವುದಿಲ್ಲ. ಇಂಥ ಒಂದು ಮಾತು ಗಿಡ ಕೊಳ್ಳುವ ಮೊದಲೇ ಗೊತ್ತಾದರೆ ಪುಸ್ತಕದ ಬೆಲೆ ಅಲ್ಲಿಗೇ ವಸೂಲಿ.)

ಕಿರಿದು ಮಾಡಿದ್ದು ಸಾಕಾ ಅಂತ ನೋಡಲು ಸುಲಭದ ದಾರಿ ಇದೆ. ಓದುಗರು ಕೇಳುವ ಹಾಗೆ ಮೂವತ್ತು ಪ್ರಶ್ನೆ ಬರೆಯಿರಿ. ಹತ್ತಕ್ಕೇ ನಿಂತುಬಿಟ್ಟರೆ ವಿಷಯ ತೀರ ಚಿಕ್ಕದು. ನೂರು ದಾಟಿದರೂ ನಿಲ್ಲದಿದ್ದರೆ ಅದರೊಳಗೆ ಎರಡು ಪುಸ್ತಕಗಳಿವೆ.

ಬೇಗ ಹಳಸುವ ವಿಷಯದ ಬಗ್ಗೆ ಎಚ್ಚರ. ಪಹಣಿ, ಪೋಡಿ, 11ಇ ನಕ್ಷೆ, ಪೌತಿ ಖಾತೆ, ಇ-ಸ್ವತ್ತು ಇಂಥ ಜಮೀನು, ಆಸ್ತಿಯ ದಾಖಲೆಗಳ ಬಗ್ಗೆ ಜನರಿಗೆ ನಿಜವಾಗಿ ಮಾಹಿತಿ ಬೇಕು. ಹಳ್ಳಿಯ ಪ್ರತಿ ಮನೆಯಲ್ಲೂ ಈ ಪ್ರಶ್ನೆಗಳಿವೆ. ಆದರೆ ಸುತ್ತೋಲೆ ಬದಲಾಗುತ್ತದೆ, ತಂತ್ರಾಂಶ ಬದಲಾಗುತ್ತದೆ, ಶುಲ್ಕ ಬದಲಾಗುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿಸಿ ಅರ್ಧ ಉಳಿದಿರುವಾಗ ನಿಯಮ ಬದಲಾದರೆ ಉಳಿದದ್ದು ರದ್ದಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಕಥೆಯೂ ಇದೇ, ಅಲ್ಲಿ ಪ್ರತಿ ವರ್ಷ ಹೊಸ ಮುದ್ರಣ ತರುವ ಶಕ್ತಿ ಬೇಕು. ಇಂಥ ವಿಷಯವನ್ನೇ ಬರೆಯುವುದಾದರೆ ಬದಲಾಗದ ಭಾಗವನ್ನು ಪುಸ್ತಕದಲ್ಲಿಡಿ: ಯಾವ ದಾಖಲೆ ಏನು ಹೇಳುತ್ತದೆ, ಅದನ್ನು ಓದುವುದು ಹೇಗೆ, ಯಾವ ಕಾಗದ ಕಳೆದುಹೋದರೆ ಏನು ತೊಂದರೆ. ಬದಲಾಗುವ ಭಾಗವನ್ನು ಹೊರಗಿಡಿ. ಮೆಣಸಿನ ಪುಸ್ತಕದಲ್ಲೂ ಹಾಗೇ, ಈ ವರ್ಷದ ಧಾರಣೆಯನ್ನು ಪುಟದ ನಡುವೆ ಬರೆಯಬೇಡಿ.

ಹಂತ 4: ಅಂಗಡಿಗೆ ಹೋಗಿ, ಪುಸ್ತಕಗಳ ಮುದ್ರಣ ವಿವರದ ಪುಟ ಓದಿ

ಈ ಹಂತಕ್ಕೆ ಒಂದು ದಿನ ಪೂರ್ತಿ ಕೊಡಿ. ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆಯ ಪುಟದ ಹಿಂದುಗಡೆ ಒಂದು ಪುಟ ಇರುತ್ತದೆ. ಮೊದಲ ಮುದ್ರಣದ ವರ್ಷ, ಮರುಮುದ್ರಣಗಳು, ಎಷ್ಟೋ ಪುಸ್ತಕಗಳಲ್ಲಿ ಎಷ್ಟು ಪ್ರತಿ ಅಚ್ಚಾಯಿತು ಅನ್ನುವುದೂ ಅಲ್ಲಿರುತ್ತದೆ. ಕಾಗದ, ಅಳತೆ, ಪುಟ, ಬೆಲೆ ಎಲ್ಲವೂ ಸಿಗುತ್ತದೆ. ಓದುಗರು ಈ ಪುಟ ನೋಡುವುದಿಲ್ಲ. ಬರೆಯುವವರು ಮೊದಲು ನೋಡಬೇಕಾದದ್ದೇ ಇದು.

ಬೆಂಗಳೂರಿನಲ್ಲಿ ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳು, ಗಾಂಧಿ ಬಜಾರಿನ ಅಂಕಿತ ಇಂಥ ಕಡೆ ಹೋಗಿ. ನಿಮ್ಮೂರಿನ ಅಂಗಡಿಯಾದರೂ ಸರಿ. ನಿಮ್ಮ ವಿಷಯದ ಕಪಾಟಿನ ಮುಂದೆ ನಿಂತು ಹತ್ತು ಪುಸ್ತಕ ತೆಗೆಯಿರಿ. ಯಾವುದು ಮೂರು, ನಾಲ್ಕು ಸಲ ಮರುಮುದ್ರಣ ಆಗಿದೆ? ಅದು ಜನ ಕೊಂಡ ಪುಸ್ತಕ. ಹತ್ತು ವರ್ಷ ಹಿಂದಿನ ಮೊದಲ ಮುದ್ರಣವೇ ಇನ್ನೂ ಕಪಾಟಿನಲ್ಲಿದ್ದರೆ ಅದೂ ಒಂದು ಸುದ್ದಿ. ಮರುಮುದ್ರಣವಾದ ಪುಸ್ತಕವನ್ನು ಕೊಂಡು ತಂದು ಓದಿ, ಓದುಗರು ಕೇಳುವ ಯಾವ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ ಅಂತ ಗುರುತು ಹಾಕಿ. ಆ ಖಾಲಿ ಜಾಗದಲ್ಲೇ ನಿಮ್ಮ ಪುಸ್ತಕ ಇರುವುದು.

ಈ ವಿಷಯದಲ್ಲಿ ಒಂದೂ ಪುಸ್ತಕ ಇಲ್ಲ ಅಂತ ಗೊತ್ತಾದಾಗ ಬರೆಯುವವರಿಗೆ ಖುಷಿ ಆಗುತ್ತದೆ. ಅಷ್ಟು ಬೇಗ ಖುಷಿಪಡಬೇಡಿ. ಯಾರೂ ಬರೆದಿಲ್ಲದೆ ಇರಬಹುದು, ಬರೆದದ್ದು ಮಾರಾಟವಾಗದೆ ಅಂಗಡಿಯಿಂದ ಮಾಯವಾಗಿಯೂ ಇರಬಹುದು. ಅಂಗಡಿಯಲ್ಲಿ ಕೆಲಸ ಮಾಡುವವರನ್ನು ಕೇಳಿ. ಯಾವ ಪುಸ್ತಕವನ್ನು ಜನ ಕೇಳಿಕೊಂಡು ಬಂದು ಇಲ್ಲ ಅನ್ನಿಸಿಕೊಂಡು ಹೋಗುತ್ತಾರೆ ಅನ್ನುವುದು ಪ್ರಕಾಶಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮನೆಯಲ್ಲಿ ಕೂತು ಮಾಡುವ ಕೆಲಸವೂ ಇದೆ. ಯೂಟ್ಯೂಬಿನಲ್ಲಿ ವಿಷಯದ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ, ಕೆಳಗೆ ಮೂಡುವ ಸಲಹೆಗಳನ್ನು ಬರೆದುಕೊಳ್ಳಿ. ಜಾಸ್ತಿ ಜನ ನೋಡಿದ ವಿಡಿಯೊಗಳ ಕಾಮೆಂಟ್ ಓದಿ. ಅಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳೇ ನಿಮ್ಮ ಅಧ್ಯಾಯಗಳು.

ಹಂತ 5: ಬರೆಯುವ ಮೊದಲೇ ಮಾರಿ ನೋಡಿ

"ಬರೀರಿ ಸರ್, ನಾನೇ ಮೊದಲು ಕೊಳ್ತೀನಿ" ಅನ್ನುವವರ ಮಾತಿಗೆ ಬೆಲೆ ಕಟ್ಟಲು ಆಗುವುದಿಲ್ಲ. ಪ್ರೀತಿಯಿಂದ ಹೇಳುತ್ತಾರೆ, ಆಮೇಲೆ ಗೌರವ ಪ್ರತಿ ಕೇಳುತ್ತಾರೆ. ಚಿಕ್ಕದಾಗಿಯಾದರೂ ದುಡ್ಡು ಕೈ ಬದಲಾಯಿಸಬೇಕು.

ನನಗೆ ಹಿಡಿಸಿದ ದಾರಿ ಒಂದು ಫಾರಂ ಪುಸ್ತಿಕೆ. ದೊಡ್ಡ ಹಾಳೆಯ ಎರಡು ಬದಿಗೂ ಅಚ್ಚು ಹಾಕಿ ಮಡಿಸಿದಾಗ ಸಿಗುವ 16 ಪುಟಗಳ ಕಟ್ಟಿಗೆ ಅಚ್ಚಿನ ಮನೆಯಲ್ಲಿ ಫಾರಂ ಅನ್ನುತ್ತಾರೆ. ನಿಮ್ಮ ವಿಷಯದ ಅತಿ ಮುಖ್ಯವಾದ ಒಂದೇ ಪ್ರಶ್ನೆ ತೆಗೆದುಕೊಳ್ಳಿ. "ಮಳೆಗಾಲಕ್ಕೆ ಮೊದಲು ಮೆಣಸಿನ ಬಳ್ಳಿಗೆ ಏನು ಮಾಡಬೇಕು" ಅಂತ 16 ಪುಟ ಬರೆದು, ನೂರಿನ್ನೂರು ಪ್ರತಿ ಮಾಡಿಸಿ, ಇಪ್ಪತ್ತು ಮೂವತ್ತು ರೂಪಾಯಿಗೆ ಗೊಬ್ಬರದ ಅಂಗಡಿಯ ಕೌಂಟರಿನಲ್ಲಿಡಿ. ಹಿಂದಿನ ಪುಟದಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಮಾರಾಟವಾದ ಪ್ರತಿ ಎಷ್ಟು, ಓದಿ ಫೋನ್ ಮಾಡಿದವರು ಎಷ್ಟು, ಅವರು ಮುಂದೆ ಏನು ಕೇಳಿದರು? ಇಷ್ಟು ತಿಳಿದರೆ ದೊಡ್ಡ ಪುಸ್ತಕದ ನಿರ್ಧಾರ ಸುಲಭ.

ಇನ್ನೊಂದು ದಾರಿ ಪ್ರಕಟಣಪೂರ್ವ ರಿಯಾಯಿತಿ. ಪುಸ್ತಕ ಬರುವ ಮೊದಲೇ ಕಡಿಮೆ ಬೆಲೆಗೆ ಮುಂಗಡ ಹಣ ಪಡೆಯುವ ಈ ಪದ್ಧತಿ ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಈಗ ಯುಪಿಐ ಇರುವುದರಿಂದ ಇನ್ನೂ ಸುಲಭವಾಗಿದೆ. ಆದರೆ ಹಸ್ತಪ್ರತಿ ಮುಗಿದು ಕರಡು ತಿದ್ದುವ ಹಂತಕ್ಕೆ ಬರುವ ತನಕ ಯಾರಿಂದಲೂ ಹಣ ತೆಗೆದುಕೊಳ್ಳಬೇಡಿ. ಹೇಳಿದ ತಿಂಗಳಿಗೆ ಪುಸ್ತಕ ತಲುಪದಿದ್ದರೆ ಹೋದ ನಂಬಿಕೆ ಮತ್ತೆ ಬರುವುದಿಲ್ಲ.

ಹಂತ 6: ಲೆಕ್ಕ ಹಾಕಿ

ಅಂಕಿಗಳನ್ನು ಲೆಕ್ಕದ ವಿಧಾನ ತೋರಿಸಲು ಇಟ್ಟುಕೊಂಡಿದ್ದೇನೆ. ನಿಮ್ಮ ಊರಿನ ಮುದ್ರಕರಿಂದ ನಿಜವಾದ ದರ ಬರೆಸಿಕೊಂಡು ಇಲ್ಲಿ ತುಂಬಿ.

160 ಪುಟ ಅಂದರೆ 10 ಫಾರಂ. ಅಳತೆ ಡೆಮಿ 1/8 (ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ), ಕನ್ನಡದ ಬಹುಪಾಲು ಪುಸ್ತಕಗಳು ಈ ಅಳತೆಯವೇ. ಕಾಗದ 70 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆ 70 ಗ್ರಾಂ ತೂಗುತ್ತದೆ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವುದು), ಕರಡು ತಿದ್ದುವಿಕೆ, ಮುಖಪುಟ, ಕಾಗದ, ಅಚ್ಚು, ಬೈಂಡಿಂಗ್ ಎಲ್ಲ ಸೇರಿ 1000 ಪ್ರತಿಗೆ 75,000 ರೂಪಾಯಿ ಆಯಿತು ಅಂತಿಟ್ಟುಕೊಳ್ಳಿ. ಬೆಲೆ 200.

ಅಂಗಡಿಗೆ 40 ಶೇಕಡಾ ರಿಯಾಯಿತಿಯಲ್ಲಿ ಕೊಟ್ಟರೆ ನಿಮ್ಮ ಕೈಗೆ ಬರುವುದು ಪ್ರತಿಗೆ 120. ಹಾಕಿದ ದುಡ್ಡು ಮರಳಲು 625 ಪ್ರತಿ ಹೋಗಬೇಕು. ನೀವೇ ಮೇಳದಲ್ಲಿ ಕೂತು ಪೂರ್ತಿ ಬೆಲೆಗೆ ಮಾರಿದರೆ 375 ಪ್ರತಿಗೇ ಮರಳುತ್ತದೆ. ಪ್ರಕಾಶಕರು ತಮ್ಮ ಖರ್ಚಿನಲ್ಲಿ ಹಾಕಿ ಮುಖಬೆಲೆಯ 10 ಶೇಕಡಾ ರಾಯಲ್ಟಿ (ಲೇಖಕರ ಪಾಲು) ಕೊಟ್ಟರೆ, ಸಾವಿರವೂ ಮಾರಿದಾಗ ನಿಮಗೆ 20,000. ಕಡಿಮೆ ಅನ್ನಿಸಬಹುದು. ಆದರೆ ನಿಮ್ಮ ಜೇಬಿನಿಂದ ಒಂದು ರೂಪಾಯಿಯೂ ಹೋಗಿರುವುದಿಲ್ಲ. ಓದುಗರನ್ನು ನೇರವಾಗಿ ತಲುಪುವ ದಾರಿ ನಿಮಗಿದ್ದರೆ ಸ್ವಂತ ಪ್ರಕಟಣೆ ಲಾಭ. ಇಲ್ಲದಿದ್ದರೆ ಪ್ರಕಾಶಕರೇ ಸರಿ. ಹಂತ 2ರಲ್ಲಿ "ಎಲ್ಲಿ ಸೇರುತ್ತಾರೆ" ಅಂತ ಕೇಳಿದ್ದು ಈ ತೀರ್ಮಾನಕ್ಕಾಗಿ.

ಈ ಲೆಕ್ಕದಲ್ಲಿ ಗ್ರಂಥಾಲಯದ ಸಗಟು ಖರೀದಿಯನ್ನು ಸೇರಿಸಬೇಡಿ ಅಂತ ಬೇಡಿಕೊಳ್ಳುತ್ತೇನೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಆಯ್ದು ಒಟ್ಟಿಗೆ ಕೊಳ್ಳುವ ಈ ವ್ಯವಸ್ಥೆ ಕನ್ನಡ ಪ್ರಕಾಶನಕ್ಕೆ ದೊಡ್ಡ ಆಸರೆ. ಅರ್ಜಿ ಖಂಡಿತ ಹಾಕಿ. ಆದರೆ ಆಯ್ಕೆಯೂ ತಡ, ಹಣವೂ ತಡ ಅನ್ನುವುದು ಪ್ರಕಾಶಕರ ಹಳೆಯ ದೂರು. ಅದನ್ನೇ ನಂಬಿ ಸಾಲ ಮಾಡಿ ಅಚ್ಚು ಹಾಕಿಸಿದರೆ ಬಡ್ಡಿ ಕಟ್ಟುವವರು ನೀವು. ಬಂದರೆ ಅದು ಮರುಮುದ್ರಣದ ಹಣವಾಗಲಿ. ನಿಮ್ಮದು ಮೊದಲ ಪುಸ್ತಕವಾಗಿದ್ದು ವಯಸ್ಸೂ ಚಿಕ್ಕದಾಗಿದ್ದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆಯನ್ನು ಗಮನಿಸುತ್ತಿರಿ.

ಅಂಚೆ ಖರ್ಚನ್ನು ಮರೆಯುವವರೂ ಬಹಳ. ಪುಸ್ತಕ ಕಳಿಸಲು ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ ತಿಂಗಳಿನಿಂದ ಜ್ಞಾನ ಪೋಸ್ಟ್ ಅನ್ನುವ ಹೊಸ ಸೇವೆ ಬಂದಿದೆ. ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ ಅಂತ ದರ ಇಟ್ಟಿದ್ದರು. 160 ಪುಟದ ಡೆಮಿ ಪುಸ್ತಕ ಸುಮಾರು 200 ಗ್ರಾಂ ತೂಗುವುದರಿಂದ, ಹಗುರವಾಗಿ ಕಟ್ಟಿದರೆ ಮೊದಲ ದರದಲ್ಲೇ ಹೋಗುತ್ತದೆ. ಆದರೆ ಇದು ಪಠ್ಯಪುಸ್ತಕ ಮತ್ತು ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆಂದು ಇರುವ ಸೇವೆ. ವಾಣಿಜ್ಯ ಸ್ವರೂಪದ್ದು, ಜಾಹೀರಾತು ಇರುವಂಥದ್ದು ಹೋಗುವುದಿಲ್ಲ. ಮುದ್ರಕರ ಅಥವಾ ಪ್ರಕಾಶಕರ ಹೆಸರೂ ಪುಸ್ತಕದಲ್ಲಿರಬೇಕು. ಹಾಗಾಗಿ ಬೆಲೆ ಗೊತ್ತು ಮಾಡುವ ಮೊದಲೇ ಹತ್ತಿರದ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಗೊಬ್ಬರದ ಕಂಪನಿಯೊಂದು ಹಿಂಬದಿಯ ಪುಟಕ್ಕೆ ಜಾಹೀರಾತು ಕೊಡುತ್ತೇನೆ ಅಂದಾಗ ಇದು ನೆನಪಿರಲಿ.

ಗೌರವ ಪ್ರತಿಗಳಿಗೂ ಮಿತಿ ಹಾಕಿ. ಐವತ್ತು ಅಂತ ಬರೆದಿಟ್ಟುಕೊಂಡರೆ ಐವತ್ತೇ. ಬಿಡುಗಡೆ ಸಮಾರಂಭದ ಸಭಾಂಗಣ, ಹಾರ, ಊಟದ ಖರ್ಚು ಪುಸ್ತಕದ ಬಂಡವಾಳದಿಂದ ಹೋಗಬಾರದು. ನರ್ಸರಿಯ ಅಂಗಳದಲ್ಲಿ ಮೂವತ್ತು ಜನ ಬೆಳೆಗಾರರನ್ನು ಸೇರಿಸಿ, ಕಸಿ ಕಟ್ಟುವುದನ್ನು ತೋರಿಸಿ, ಅಲ್ಲೇ ಪುಸ್ತಕ ಬಿಡುಗಡೆ ಮಾಡಿದರೆ ಕೊಳ್ಳುವವರೂ ಅಲ್ಲೇ ಇರುತ್ತಾರೆ.

ಹಂತ 7: ಓದುಗರ ಕ್ಯಾಲೆಂಡರಿನಿಂದ ಹಿಂದಕ್ಕೆ ಯೋಜನೆ ಹಾಕಿ

ಬಹಳ ಜನ "ಆರು ತಿಂಗಳಲ್ಲಿ ಬರೆದು ಮುಗಿಸುತ್ತೇನೆ" ಅಂತ ಇವತ್ತಿನಿಂದ ಮುಂದಕ್ಕೆ ಎಣಿಸುತ್ತಾರೆ. ಕೊಳ್ಳುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ.

ಮೆಣಸಿನ ಬಳ್ಳಿ ನೆಡುವುದು ಮುಂಗಾರು ಹಿಡಿದಾಗ, ಜೂನಿನ ಹೊತ್ತಿಗೆ. ಗಿಡಕ್ಕೆ ಮುಂಗಡ ಹೇಳುವುದು, ಗುಂಡಿ ತೆಗೆಸುವುದು ಅದಕ್ಕೂ ಮೊದಲು. ಹಾಗಾಗಿ ಪುಸ್ತಕ ಏಪ್ರಿಲಿನಲ್ಲಿ ಅವರ ಕೈಯಲ್ಲಿರಬೇಕು. ಅಂದರೆ ಮಾರ್ಚಿನಲ್ಲಿ ಅಚ್ಚು, ಫೆಬ್ರವರಿಯಲ್ಲಿ ಕೊನೆಯ ಕರಡು ಮತ್ತು ಮುಂಗಡ ಬುಕಿಂಗ್. ಇನ್ನೂ ಹಿಂದಕ್ಕೆ ಹೋಗಿ. ಸೊರಗು ರೋಗದ ಫೋಟೊ ಬೇಕೆಂದರೆ ಜುಲೈ, ಆಗಸ್ಟಿನ ಮಳೆಯಲ್ಲೇ ತೆಗೆಯಬೇಕು. ಕೊಯ್ಲು, ಒಣಗಿಸುವುದರ ಫೋಟೊ ಡಿಸೆಂಬರಿನಿಂದ ಮುಂದೆ. ಅಂದಮೇಲೆ ಈ ಪುಸ್ತಕದ ಕೆಲಸ ಹಿಂದಿನ ಮೇ ತಿಂಗಳಲ್ಲೇ ಶುರುವಾಗಬೇಕು. ಡಿಸೆಂಬರಿನಲ್ಲಿ ಉತ್ಸಾಹ ಬಂತು ಅಂತ ಅದೇ ಏಪ್ರಿಲಿಗೆ ತರಲು ಹೊರಟರೆ ಇಂಟರ್‌ನೆಟ್ಟಿನಿಂದ ಯಾರದೋ ಫೋಟೊ ಎತ್ತಬೇಕಾಗುತ್ತದೆ. ಒಂದು ವರ್ಷ ಕಾಯಿರಿ.

ನಿಮ್ಮ ವಿಷಯಕ್ಕೂ ಇಂಥ ಒಂದು ತಿಂಗಳು ಇದ್ದೇ ಇರುತ್ತದೆ. ಮಕ್ಕಳ ಓದಿನ ಪುಸ್ತಕಕ್ಕೆ ಜೂನ್, ತೆರಿಗೆಯ ಪುಸ್ತಕಕ್ಕೆ ಏಪ್ರಿಲ್. ಹೊರದೇಶದಲ್ಲಿರುವ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುವ ಪುಸ್ತಕ ಮಾಡುವುದಾದರೆ ಅಲ್ಲಿನ ಕನ್ನಡ ಕೂಟಗಳ ತರಗತಿ ಯಾವಾಗ ಶುರು ಅಂತ ಕೇಳಿಕೊಳ್ಳಿ. ಕಾಗದದ ಪುಸ್ತಕ ಅಲ್ಲಿಗೆ ತಲುಪುವ ಖರ್ಚು ಪುಸ್ತಕದ ಬೆಲೆಯನ್ನೇ ಮೀರುವುದರಿಂದ ಇ-ಪುಸ್ತಕವೂ ಬೇಕಾಗುತ್ತದೆ. ಅದಕ್ಕಾಗಿ ಮೊದಲಿನಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡಿ. "ನುಡಿ", "ಬರಹ" ತಂತ್ರಾಂಶಗಳ ಹಳೆಯ ಫಾಂಟಿನಿಂದ ಆಮೇಲೆ ಬದಲಾಯಿಸಿದರೆ ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಮತ್ತೆ ಕರಡು ನೋಡಬೇಕು.

ಅಧ್ಯಾಯಗಳನ್ನು ನೀವು ಕಲಿತ ಕ್ರಮದಲ್ಲಿ ಜೋಡಿಸಬೇಡಿ, ಓದುಗರು ಕೆಲಸ ಮಾಡುವ ಕ್ರಮದಲ್ಲಿ ಜೋಡಿಸಿ. ಮೆಣಸಿನ ಇತಿಹಾಸ, ವಾಸ್ಕೋ ಡ ಗಾಮ, ಸಸ್ಯಶಾಸ್ತ್ರೀಯ ವರ್ಗೀಕರಣ ಅಂತ ಮೊದಲ ಇಪ್ಪತ್ತು ಪುಟ ತೆಗೆದುಕೊಂಡರೆ ಅಂಗಡಿಯಲ್ಲಿ ತಿರುವಿ ನೋಡುವವರು ಅಲ್ಲೇ ಇಟ್ಟುಬಿಡುತ್ತಾರೆ. ಮೊದಲ ಅಧ್ಯಾಯ "ನಿಮ್ಮ ತೋಟಕ್ಕೆ ಮೆಣಸು ಹೊಂದುತ್ತಾ?" ಅಂತಿರಲಿ. ನೆರಳು ಎಷ್ಟಿದೆ, ನೀರು ನಿಲ್ಲುತ್ತಾ, ಮರಗಳ ವಯಸ್ಸೆಷ್ಟು. ಆಮೇಲೆ ತಳಿ, ಗಿಡ, ನೆಡುವುದು, ಮೊದಲ ಮೂರು ವರ್ಷ, ರೋಗ, ಕೊಯ್ಲು, ಮಾರಾಟ. ತಳಿಯ ಅಧ್ಯಾಯದಲ್ಲಿ 1970ರ ದಶಕದ ಪಣಿಯೂರು-1ರಿಂದ ಹಿಡಿದು ಊರಿನ ನಾಟಿ ತಳಿಗಳವರೆಗೆ ಒಂದೇ ಕೋಷ್ಟಕದಲ್ಲಿ ಕೊಡಿ. ಕೊನೆಗೆ ತಿಂಗಳವಾರು ಕೆಲಸದ ಪಟ್ಟಿ. ಅದು ಪುಸ್ತಕದ ಅತಿ ಹೆಚ್ಚು ಬಳಕೆಯಾಗುವ ಪುಟ, ಅದನ್ನು ಗೋಡೆಗೆ ಅಂಟಿಸುವ ಹಾಗೆ ಮಾಡಿ.

ಪ್ರತಿ ಅಧ್ಯಾಯದ ಎದುರು ಪುಟಗಳ ಸಂಖ್ಯೆ ಬರೆಯಿರಿ. ಒಟ್ಟು ಪುಟ 16ರ ಗುಣಕದಲ್ಲಿ ನಿಲ್ಲುವ ಹಾಗೆ ನೋಡಿಕೊಳ್ಳಿ, 163 ಪುಟವಾದರೆ ಮೂರು ಪುಟಕ್ಕಾಗಿ ಕಾಗದ, ಅಚ್ಚು ಎರಡೂ ದಂಡ. ಬಣ್ಣದ ಫೋಟೊಗಳನ್ನು ಎಲ್ಲ ಕಡೆ ಚೆಲ್ಲಬೇಡಿ. ರೋಗ ಗುರುತಿಸುವ ಚಿತ್ರಗಳನ್ನು ಒಂದೇ ಕಡೆ ಎಂಟು ಪುಟದಲ್ಲಿ ಸೇರಿಸಿದರೆ ಖರ್ಚು ಹತೋಟಿಯಲ್ಲಿರುತ್ತದೆ, ಓದುಗರಿಗೂ ಹೋಲಿಸಿ ನೋಡಲು ಸುಲಭ.

ಔಷಧಿ, ರಾಸಾಯನಿಕ, ಆರೋಗ್ಯ, ಕಾನೂನು ಇರುವ ಅಧ್ಯಾಯಗಳನ್ನು ಆ ಕ್ಷೇತ್ರ ಬಲ್ಲವರಿಗೆ ಓದಿಸದೆ ಅಚ್ಚಿಗೆ ಕಳಿಸಬೇಡಿ. ಮೆಣಸಿಗಾದರೆ ಮಡಿಕೇರಿಯ ಹತ್ತಿರ ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರವಿದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಒಂದು ಸೊನ್ನೆ ತಪ್ಪಿದರೆ ಒಬ್ಬರ ತೋಟ ಹಾಳಾಗುತ್ತದೆ. ಎಐ ತಂತ್ರಾಂಶ ಬರೆದುಕೊಟ್ಟ ಪ್ರಮಾಣವನ್ನು ಯಾರೂ ಪರೀಕ್ಷಿಸದೆ ಹಾಕುವುದಂತೂ ಬೇಡವೇ ಬೇಡ.

ಹಂತ 8: ಕಾಗದಪತ್ರ

ಐಎಸ್‌ಬಿಎನ್ ಅಂದರೆ ಪುಸ್ತಕದ 13 ಅಂಕಿಯ ಗುರುತಿನ ಸಂಖ್ಯೆ. ಭಾರತದಲ್ಲಿ ಇದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಸ್ವಂತ ಪ್ರಕಟಣೆ ಮಾಡುವವರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಇದಕ್ಕೆ ಸಾವಿರಾರು ರೂಪಾಯಿ ಕೇಳುವವರಿಂದ ದೂರ ಇರಿ.

ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಇರುತ್ತದೆ. ಪ್ರಕಾಶಕರ ಜತೆ ಒಪ್ಪಂದ ಮಾಡಿಕೊಳ್ಳುವಾಗ ಯಾವ ಹಕ್ಕು, ಎಷ್ಟು ವರ್ಷ, ರಾಯಲ್ಟಿ ಮುಖಬೆಲೆಯ ಮೇಲೋ ಬಂದ ಹಣದ ಮೇಲೋ ಅನ್ನುವುದನ್ನು ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷ ಅಂತಾಗುತ್ತದೆ. ಇ-ಪುಸ್ತಕ, ಆಡಿಯೊ, ಅನುವಾದದ ಹಕ್ಕುಗಳನ್ನು ಮುದ್ರಣದ ಹಕ್ಕಿನ ಜತೆ ಒಂದೇ ಸಾಲಿನಲ್ಲಿ ಕೊಟ್ಟುಬಿಡಬೇಡಿ. "ಪ್ರಕಟಿಸುತ್ತೇವೆ, ಇಷ್ಟು ಹಣ ಕೊಡಿ" ಅನ್ನುವವರು ಬಂದರೆ ಅದನ್ನು ಮುದ್ರಣ ಸೇವೆ ಅಂತಲೇ ತಿಳಿದು ಹಂತ 6ರ ಲೆಕ್ಕದಲ್ಲಿಟ್ಟು ನೋಡಿ. ಎಷ್ಟು ಪ್ರತಿ ನಿಮ್ಮ ಕೈಗೆ, ಉಳಿದವು ಎಲ್ಲಿ ಮಾರಾಟಕ್ಕೆ ಅಂತ ಬರೆದು ಕೊಡದಿದ್ದರೆ ಬೇಡ.

ನೀವೇ ಪ್ರಕಾಶಕರಾದರೆ ಇನ್ನೊಂದು ಕರ್ತವ್ಯ ಇದೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಸೂಚಿತವಾದ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲಿ ಕಳಿಸಬೇಕು.

ಹಂತ 9: ಮೊದಲ ಮುದ್ರಣವನ್ನು ಚಿಕ್ಕದಾಗಿಡಿ

ಹೆಚ್ಚು ಪ್ರತಿ ಹಾಕಿಸಿದರೆ ಒಂದೊಂದರ ಖರ್ಚು ಇಳಿಯುತ್ತದೆ ಅಂತ ಮುದ್ರಕರು ಹೇಳುವುದು ನಿಜ. ಆದರೂ ಮೊದಲ ಸಲ 500 ಸಾಕು. ಖರ್ಚು ಪ್ರತಿಗೆ ಸ್ವಲ್ಪ ಜಾಸ್ತಿ ಆಗಲಿ, ಬಂಡವಾಳ ಸಿಕ್ಕಿಹಾಕಿಕೊಳ್ಳುವುದಿಲ್ಲ. ಯಾವ ಪ್ರತಿ ಎಲ್ಲಿ ಹೋಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ: ಸಂಘದ ಕೌಂಟರು, ನರ್ಸರಿ, ಮೇಳ, ಅಂಚೆ, ಅಂಗಡಿ. ಮೂರು ತಿಂಗಳಾದ ಮೇಲೆ ನೋಡಿದರೆ ಯಾವ ಕಡೆ ಜಾಸ್ತಿ ಹೋಗಿದೆ ಅಂತ ಗೊತ್ತಾಗುತ್ತದೆ, ಮುಂದಿನ ಮುದ್ರಣವನ್ನು ಅಲ್ಲಿಗೇ ಕಳಿಸಿ.

ನಿಮ್ಮದೇ ಒಂದು ಪ್ರತಿಯ ಅಂಚಿನಲ್ಲಿ ಓದುಗರು ಹೇಳಿದ ತಪ್ಪು, ಕೇಳಿದ ಹೊಸ ಪ್ರಶ್ನೆ ಎಲ್ಲವನ್ನೂ ಗುರುತು ಹಾಕುತ್ತಾ ಹೋಗಿ. 400 ಪ್ರತಿ ಖರ್ಚಾದಾಗಲೇ ಎರಡನೇ ಮುದ್ರಣದ ತಯಾರಿ ಶುರು ಮಾಡಿ, ಪೂರ್ತಿ ಮುಗಿಯುವ ತನಕ ಕಾದರೆ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬೇಕಾಗುತ್ತದೆ. ಅಕ್ಷರದೋಷ ಮಾತ್ರ ತಿದ್ದಿದರೆ ಅದು ಮರುಮುದ್ರಣ, ಹಳೆಯ ಐಎಸ್‌ಬಿಎನ್ ನಡೆಯುತ್ತದೆ. ಅಧ್ಯಾಯ ಸೇರಿಸಿದರೆ, ವಿಷಯ ಗಣನೀಯವಾಗಿ ಬದಲಾದರೆ ಅದು ಪರಿಷ್ಕೃತ ಆವೃತ್ತಿ. ಅದಕ್ಕೆ ಹೊಸ ಸಂಖ್ಯೆ ಪಡೆಯಬೇಕು, ಮುಖಪುಟದ ಮೇಲೂ ಹಾಗೆಂದು ಅಚ್ಚು ಹಾಕಿಸಬೇಕು.